ಘೋಷಣೆಗಳುಂಟು, ಪರಿಶೋಧಕರಿಲ್ಲ

2023ರ ನವೆಂಬರ್ ಆರಂಭದಲ್ಲಿ ಇಂಗ್ಲೆಂಡಿನ ಬ್ಲೆಚ್ಲೀ ಪಾರ್ಕಿನಲ್ಲಿ 28 ರಾಷ್ಟ್ರಗಳೂ ಐರೋಪ್ಯ ಒಕ್ಕೂಟವೂ ಒಂದೇ ಘೋಷಣೆಗೆ ಸಮ್ಮತಿಯಿತ್ತವು. ಅತ್ಯಂತ ಪ್ರಬಲವಾದ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳಿಂದ ಗಂಭೀರ ಹಾನಿಯ ಸಂಭವವಿದೆ, ಅದನ್ನು ಎದುರಿಸಲು ರಾಷ್ಟ್ರಗಳ ನಡುವಿನ ಸಹಕಾರ ಅಗತ್ಯ ಎಂಬುದು ಅದರ ಸಾರ. ಅಮೆರಿಕ, ಚೀನಾ, ಭಾರತ ಮೂರೂ ಆ ಪಟ್ಟಿಯಲ್ಲಿದ್ದವು. ಆಮೇಲೆ 2024ರ ಮೇ ತಿಂಗಳಲ್ಲಿ ಸೋಲ್, 2025ರ ಫೆಬ್ರವರಿಯಲ್ಲಿ ಪ್ಯಾರಿಸ್, 2026ರ ಫೆಬ್ರವರಿಯಲ್ಲಿ ಹೊಸದಿಲ್ಲಿ. ಈ ನಾಲ್ಕು ಶೃಂಗಸಭೆಗಳ ಖಾತೆಯನ್ನು ತೆರೆದು ನೋಡಿದರೆ ಮಾತಿನ ಜಮೆ ಧಾರಾಳವಾಗಿದೆ. ಆದರೆ ಇಂಥ ಯಂತ್ರವೊಂದನ್ನು ನಿರ್ಮಿಸುವ ಕಂಪನಿಯ ಬಾಗಿಲಿಗೆ ಹೋಗಿ, ಎಲ್ಲ ರಾಷ್ಟ್ರಗಳ ಪರವಾಗಿ, 'ನಿಮ್ಮ ಪರೀಕ್ಷೆಯ ದಾಖಲೆಗಳನ್ನು ತೋರಿಸಿ' ಎಂದು ಕೇಳಬಲ್ಲ ಒಬ್ಬನೇ ಒಬ್ಬ ಪರಿಶೋಧಕ ಈ ಸಭೆಗಳಿಂದ ಹುಟ್ಟಿಬರಲಿಲ್ಲ.

ಸಭೆಗಳ ಹೆಸರುಗಳನ್ನು ಗಮನಿಸಿದರೂ ಸಾಕು, ದಿಕ್ಕು ತಿಳಿಯುತ್ತದೆ. ಬ್ಲೆಚ್ಲೀಯದು 'ಸುರಕ್ಷತೆ'ಯ ಸಭೆ. ಪ್ಯಾರಿಸ್ಸಿನದು 'ಕ್ರಿಯೆ'ಯ ಸಭೆ. ದಿಲ್ಲಿಯದು 'ಪರಿಣಾಮ'ದ ಸಭೆ. ಭಾರತ ಸಹ ಅಧ್ಯಕ್ಷತೆ ವಹಿಸಿದ್ದ ಪ್ಯಾರಿಸ್ ಸಭೆಯ ಜಂಟಿ ಹೇಳಿಕೆಗೆ ಅಮೆರಿಕವೂ ಬ್ರಿಟನ್ನೂ ಸಹಿ ಹಾಕಲಿಲ್ಲ. ಅದೇ ತಿಂಗಳು ಬ್ರಿಟನ್ ತನ್ನ 'ಸುರಕ್ಷತಾ ಸಂಸ್ಥೆ'ಯ ಹೆಸರನ್ನು 'ಭದ್ರತಾ ಸಂಸ್ಥೆ' ಎಂದು ಬದಲಿಸಿತು. ಅಮೆರಿಕದಲ್ಲಿ 2023ರ ಅಕ್ಟೋಬರಿನಲ್ಲಿ ಬೈಡನ್ ಹೊರಡಿಸಿದ್ದ ಆದೇಶವನ್ನು 2025ರ ಜನವರಿ 20ರಂದು, ಅಧಿಕಾರ ಬದಲಾದ ದಿನವೇ, ರದ್ದುಪಡಿಸಲಾಯಿತು. ಅದೇ ವರ್ಷದ ಜುಲೈಯಲ್ಲಿ ಅಮೆರಿಕ ಈ ಸ್ಪರ್ಧೆಯನ್ನು ಗೆಲ್ಲುವ ಯೋಜನೆಯೊಂದನ್ನು ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಚೀನಾ ಶಾಂಘೈಯಲ್ಲಿ ತನ್ನದೇ ವಿಶ್ವ ಸಹಕಾರ ಸಂಘಟನೆಯ ಪ್ರಸ್ತಾವವನ್ನು ಮುಂದಿಟ್ಟಿತು. ಸಹಕಾರದ ಮಾತೂ ಸ್ಪರ್ಧೆಯ ಸಲಕರಣೆಯಾಗಿ ಮಾರ್ಪಟ್ಟಿದೆ.

ಕಟ್ಟುಪಾಡು ಎಲ್ಲಿಯೂ ಇಲ್ಲವೆಂದಲ್ಲ. 2024ರ ಆಗಸ್ಟ್ 1ರಂದು ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಶಾಸನವು ನಿಷಿದ್ಧ ಬಳಕೆಗಳ ಉಲ್ಲಂಘನೆಗೆ ಮೂರೂವರೆ ಕೋಟಿ ಯೂರೋಗಳವರೆಗೆ, ಅಥವಾ ಜಾಗತಿಕ ವಹಿವಾಟಿನ ಶೇಕಡಾ 7ರವರೆಗೆ, ಯಾವುದು ಹೆಚ್ಚೋ ಅಷ್ಟು ದಂಡ ವಿಧಿಸಲು ಅವಕಾಶ ಕೊಡುತ್ತದೆ. ಆದರೆ ಅದು ಐರೋಪ್ಯ ಮಾರುಕಟ್ಟೆಯ ರಕ್ಷಣೆಗೆ ನಿಂತ ಕಾವಲು. ಉಳಿದ ಜಗತ್ತಿನ ಬಹುಭಾಗದ ಪಾಲಿಗೆ ಇರುವುದು ಸೋಲ್‌ನಲ್ಲಿ 16 ಕಂಪನಿಗಳು ಸ್ವಇಚ್ಛೆಯಿಂದ ಕೊಟ್ಟಂಥ ಮಾತು. ಅಪಾಯ ಯಾವ ಮಟ್ಟವನ್ನು ಮೀರಿದರೆ ಸಹಿಸಲಾಗದು ಎಂಬುದನ್ನು ಕಂಪನಿಯೇ ನಿರ್ಧರಿಸುತ್ತದೆ. ಅಳೆಯುವ ಕೆಲಸವೂ ಬಹುಮಟ್ಟಿಗೆ ಅದರದೇ. ಫಲಿತಾಂಶದಲ್ಲಿ ಎಷ್ಟನ್ನು ಹೊರಗೆ ತಿಳಿಸಬೇಕೆಂಬ ತೀರ್ಮಾನವೂ ಅದರದೇ. ಅಂಗಡಿಯ ಯಜಮಾನನೇ ತಕ್ಕಡಿಯನ್ನೂ ತೂಕದ ಕಲ್ಲನ್ನೂ ಪರೀಕ್ಷಿಸಿ ಮುದ್ರೆಯೊತ್ತಿಕೊಳ್ಳುವುದನ್ನು ಯಾವ ಪೇಟೆಯೂ ಒಪ್ಪುವುದಿಲ್ಲ.

ಹಣಕಾಸಿನ ಜಗತ್ತು ಈ ಪಾಠವನ್ನು ಬಹಳ ನಷ್ಟ ತೆತ್ತು ಕಲಿಯಿತು. 2001ರ ಡಿಸೆಂಬರಿನಲ್ಲಿ ಅಮೆರಿಕದ ಎನ್ರಾನ್ ಕಂಪನಿ ದಿವಾಳಿಯಾಯಿತು. ಅದರ ಪರಿಶೋಧಕ ಸಂಸ್ಥೆಯಾದ ಆರ್ಥರ್ ಆಂಡರ್ಸನ್ 2000ನೇ ವರ್ಷದಲ್ಲಿ ಅದೇ ಗಿರಾಕಿಯಿಂದ ಪರಿಶೋಧನೆಗೆ ಎರಡೂವರೆ ಕೋಟಿ ಡಾಲರ್ ಪಡೆದಿದ್ದರೆ, ಸಲಹಾ ಸೇವೆ ಮುಂತಾದ ಇತರ ಕೆಲಸಗಳಿಗೆ ಅದಕ್ಕಿಂತಲೂ ಹೆಚ್ಚು ಪಡೆದಿತ್ತು. ಮರುವರ್ಷವೇ ಅಮೆರಿಕ ಪರಿಶೋಧಕರನ್ನೇ ಪರಿಶೀಲಿಸುವ ಮಂಡಳಿಯೊಂದನ್ನು ಕಾನೂನಿನ ಮೂಲಕ ಸ್ಥಾಪಿಸಿತು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು ಬರೆದ ಪತ್ರದಿಂದ, ಲೆಕ್ಕಪತ್ರದಲ್ಲಿದ್ದ 5,000 ಕೋಟಿ ರೂಪಾಯಿಗೂ ಮಿಕ್ಕ ನಗದು ವಾಸ್ತವದಲ್ಲಿ ಇರಲೇ ಇಲ್ಲವೆಂಬುದು ಬಯಲಾಯಿತು. ಆ ಲೆಕ್ಕಪತ್ರಗಳಿಗೆ ಪರಿಶೋಧಕರ ಸಹಿ ಬಿದ್ದಿತ್ತು. ಆ ಪ್ರಕರಣದ ಬಳಿಕ ರೂಪುಗೊಂಡ 2013ರ ಕಂಪನಿ ಕಾಯಿದೆಯ ಅಡಿಯಲ್ಲಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ ಅಸ್ತಿತ್ವಕ್ಕೆ ಬರಲು 2018ರ ಅಕ್ಟೋಬರ್ ಆಗಬೇಕಾಯಿತು. ಈ ಎರಡು ಪ್ರಕರಣಗಳು ಕಲಿಸಿದ್ದು ಇಷ್ಟೇ: ಮಾನದಂಡವಿದ್ದು ಪರಿಶೋಧಕನಿಲ್ಲದಿದ್ದರೆ ಅದು ಹಾರೈಕೆ, ಪರಿಶೋಧಕನಿದ್ದು ಅವನಿಗೆ ಸ್ವಾತಂತ್ರ್ಯವಿಲ್ಲದಿದ್ದರೆ ಅದು ಅಲಂಕಾರ.

ಹಣಕಾಸಿನಲ್ಲಿ ಕಳೆದುಹೋದದ್ದು ಹಣ, ಉದ್ಯೋಗ, ನಂಬಿಕೆ. ಯಂತ್ರಬುದ್ಧಿಯ ವಿಷಯದಲ್ಲಿ ಮೊದಲ ದೊಡ್ಡ ಅವಘಡ ಯಾವ ರೂಪದಲ್ಲಿ ಬಂದೀತೆಂದು ಊಹಿಸುವುದು ಸುಲಭವಲ್ಲ. ಆದ್ದರಿಂದಲೇ ಅವಘಡವಾದ ಮೇಲೆ ಪ್ರಾಧಿಕಾರ ಕಟ್ಟುವ ಹಳೆಯ ಅಭ್ಯಾಸ ಇಲ್ಲಿ ಸಲ್ಲದು.

ಈ ಕೊರತೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. 2023ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಇಂಗ್ಲಿಷಿನಲ್ಲಿ ಕೇಳಿದಾಗ ಜಿಪಿಟಿ-4 ಬಹುಪಾಲು ನಿರಾಕರಿಸುತ್ತಿದ್ದ ಹಾನಿಕರ ಕೋರಿಕೆಗಳನ್ನು ಜುಲು, ಸ್ಕಾಟ್ಸ್ ಗೇಲಿಕ್ ಮೊದಲಾದ, ಅಂತರ್ಜಾಲದಲ್ಲಿ ಬರಹ ವಿರಳವಾಗಿರುವ ಭಾಷೆಗಳಿಗೆ ಅನುವಾದಿಸಿ ಮುಂದಿಟ್ಟರು. ಅಂಥ ಭಾಷೆಗಳನ್ನು ಒಂದಾದ ಮೇಲೊಂದರಂತೆ ಪ್ರಯತ್ನಿಸಿದಾಗ ಶೇಕಡಾ 79ರಷ್ಟು ಕೋರಿಕೆಗಳಿಗೆ ಕಾವಲು ಮುರಿಯಿತು. ಬೀಗ ಇಂಗ್ಲಿಷಿನ ಬಾಗಿಲಿಗೆ ಮಾತ್ರ ಬಿಗಿಯಾಗಿತ್ತು. ಕನ್ನಡವು ಕೋಟ್ಯಂತರ ಜನರ ನುಡಿಯಾದರೂ ಯಂತ್ರಗಳು ಕಲಿಯುವ ಬರಹದ ರಾಶಿಯಲ್ಲಿ ಅದರ ಪಾಲು ಅತ್ಯಲ್ಪ. ಪುಣೆಯಲ್ಲೋ ಚೆನ್ನೈಯಲ್ಲೋ ನೆಲೆಸಿದ ಕುಟುಂಬದ ಹಿರಿಯರು ಫೋನಿನಲ್ಲಿ ಔಷಧದ ಪ್ರಮಾಣವನ್ನೋ ಬ್ಯಾಂಕಿನ ವ್ಯವಹಾರವನ್ನೋ ಕನ್ನಡದಲ್ಲಿ ಕೇಳುವಾಗ, ಆ ಯಂತ್ರ ಕನ್ನಡದಲ್ಲಿ ಪರೀಕ್ಷೆಗೊಳಗಾಗಿದೆಯೇ ಎಂದು ತಿಳಿಯುವ ದಾರಿ ಅವರಿಗಿಲ್ಲ. ತಯಾರಕ ಕಂಪನಿ ಸ್ವಯಂಪ್ರೇರಣೆಯಿಂದ ಪ್ರತಿಯೊಂದು ನುಡಿಯಲ್ಲೂ ಪರೀಕ್ಷೆ ನಡೆಸೀತೆಂದು ನಂಬಿ ಕೂರುವಂತಿಲ್ಲ. ಅದನ್ನು ಕೇಳುವ ಹಕ್ಕು ಒಪ್ಪಂದದಿಂದಲೇ ಬರಬೇಕು.

ಎರಡು ಆಕ್ಷೇಪಗಳು ಪದೇ ಪದೇ ಕೇಳಿಬರುತ್ತವೆ. ಅಮೆರಿಕ ಮತ್ತು ಚೀನಾ ಪೈಪೋಟಿಯಲ್ಲಿರುವವರೆಗೆ ಸಹಕಾರ ಅಸಾಧ್ಯ ಎಂಬುದು ಮೊದಲನೆಯದು. ಇತಿಹಾಸ ಇದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಶೀತಲ ಸಮರದ ಬಿಸಿಯಲ್ಲಿಯೇ, 1957ರಲ್ಲಿ, ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಸ್ಥಾಪನೆಯಾಯಿತು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎರಡೂ ಅದರಲ್ಲಿದ್ದವು. ವಿರೋಧಿಗಳ ನಡುವೆ ಪ್ರೀತಿ ಬೇಕಿರಲಿಲ್ಲ, ಸಮಾನ ಭಯ ಸಾಕಾಗಿತ್ತು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಜಾಗತಿಕ ನಿಯಮಗಳೆಂದರೆ ಮುಂದೆ ಹೋದವರು ಹಿಂದಿನವರಿಗೆ ಹಾಕುವ ಬೇಲಿ ಎಂಬ ಶಂಕೆ ಅದು. ಪರಮಾಣು ಪ್ರಸರಣ ತಡೆ ಒಪ್ಪಂದವು ಅಸ್ತ್ರ ಉಳ್ಳವರಿಗೆ ಒಂದು ನ್ಯಾಯ, ಇಲ್ಲದವರಿಗೆ ಇನ್ನೊಂದು ನ್ಯಾಯ ಎಂಬ ಕಾರಣಕ್ಕೇ ಭಾರತ ಅದಕ್ಕೆ ಸಹಿ ಹಾಕಲಿಲ್ಲ. ಶಂಕೆ ನಿರಾಧಾರವಲ್ಲ. ಆದರೆ ಅದರಿಂದ ಹೊರಡಬೇಕಾದ ತೀರ್ಮಾನ ದೂರ ಉಳಿಯುವುದಲ್ಲ, ಬೇಗ ಮೇಜಿಗೆ ಬರುವುದು. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳ ಸಮಿತಿಯನ್ನು 1973ರಲ್ಲಿ ಲಂಡನ್ನಿನಲ್ಲಿ ಕೆಲವು ದೇಶಗಳ ವೃತ್ತಿ ಸಂಸ್ಥೆಗಳು ಕಟ್ಟಿದಾಗ ಸ್ಥಾಪಕರ ಸಾಲಿನಲ್ಲಿ ಭಾರತ ಇರಲಿಲ್ಲ. ಆ ಪರಂಪರೆಯ ಮಾನದಂಡಗಳಿಗೆ ಹೊಂದಿಸಿದ ಲೆಕ್ಕಪದ್ಧತಿಯನ್ನು 2016ರ ಏಪ್ರಿಲಿನಿಂದ ಇಲ್ಲಿನ ದೊಡ್ಡ ಕಂಪನಿಗಳು ಕಡ್ಡಾಯವಾಗಿ ಪಾಲಿಸಬೇಕಾಯಿತು. ನಿಯಮ ಬರೆಯುವಾಗ ಗೈರುಹಾಜರಾದವರು ಮುಂದೆ ಅದರ ಪಾಲಕರಾಗಿಯಷ್ಟೇ ಉಳಿಯುತ್ತಾರೆ.

ಭಾರತದ ಬಳಿ ಈಗ ಕೈಗೆ ಬಂದ ಅವಕಾಶವಿದೆ. 2024ರ ಮಾರ್ಚಿನಲ್ಲಿ 10,000 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ದೊರೆಯಿತು. 2025ರ ಜನವರಿಯಲ್ಲಿ ಸ್ವಂತ ಸುರಕ್ಷತಾ ಸಂಸ್ಥೆಯ ಘೋಷಣೆಯಾಯಿತು. ಅದೇ ನವೆಂಬರಿನಲ್ಲಿ ಹೊರಬಂದ ಮಾರ್ಗಸೂಚಿಗಳು ಹೊಸ ಶಾಸನದ ಬದಲು ಇರುವ ಕಾನೂನುಗಳನ್ನೇ ನೆಚ್ಚಿಕೊಂಡವು. ದೇಶದೊಳಗೆ ಹಗುರವಾದ ಕೈ ಇರಲಿ, ಅದು ನೀತಿಯ ಆಯ್ಕೆ. ಆದರೆ ಹೊರಗಿನಿಂದ ಬರುವ ಯಂತ್ರಗಳನ್ನು ಅಳೆಯುವ ಸಾಮರ್ಥ್ಯವೂ ಹಗುರವಾಗಿದ್ದರೆ, ಸಾರ್ವಭೌಮತ್ವದ ಮಾತು ಕೇವಲ ಭಾಷಣವಾದೀತು.

ಕೇಳಬೇಕಾದದ್ದು ಮೂರು. ಒಂದು, ಅವಘಡಗಳ ಸಾಮಾನ್ಯ ದಾಖಲೆ: ವಿಮಾನ ಅಪಘಾತದ ತನಿಖಾ ವರದಿ ದೇಶದೇಶಗಳ ನಡುವೆ ಹಂಚಿಕೆಯಾಗುವಂತೆ ಯಂತ್ರಬುದ್ಧಿಯ ಗಂಭೀರ ವೈಫಲ್ಯಗಳೂ ಹಂಚಿಕೆಯಾಗಬೇಕು. ಎರಡು, ತಯಾರಕರಿಂದ ಶುಲ್ಕವನ್ನಾಗಲಿ ನೇಮಕವನ್ನಾಗಲಿ ನೇರವಾಗಿ ಪಡೆಯದ ಪರೀಕ್ಷಕರು. ಮೂರು, ಒಂದು ದೇಶದಲ್ಲಿ ಸೇವೆ ಮಾರುವ ಕಂಪನಿ ಆ ದೇಶದ ನುಡಿಗಳಲ್ಲಿಯೇ ಪರೀಕ್ಷೆಗೊಳಗಾಗಿ ಫಲಿತಾಂಶವನ್ನು ಪ್ರಕಟಿಸುವ ಬದ್ಧತೆ. ಇಪ್ಪತ್ತೆರಡು ನುಡಿಗಳಿಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನವಿತ್ತ ದೇಶಕ್ಕೆ ಈ ಕೊನೆಯ ಬೇಡಿಕೆಯನ್ನು ಮಂಡಿಸುವ ನೈತಿಕ ಅಧಿಕಾರ ಉಳಿದೆಲ್ಲರಿಗಿಂತ ಹೆಚ್ಚು.

ವೇದಿಕೆಯೂ ಸಿದ್ಧವಿದೆ. 2025ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ 40 ತಜ್ಞರ ಸ್ವತಂತ್ರ ವೈಜ್ಞಾನಿಕ ಮಂಡಳಿಯನ್ನೂ, 2026ರಲ್ಲಿ ಜಿನೀವಾದಲ್ಲಿ ಹಾಗೂ 2027ರಲ್ಲಿ ನ್ಯೂಯಾರ್ಕಿನಲ್ಲಿ ನಡೆಯುವ ಜಾಗತಿಕ ಸಂವಾದವನ್ನೂ ಗೊತ್ತುಪಡಿಸಿತು. ಮಂಡಳಿಗೆ ತಪಾಸಣೆಯ ಅಧಿಕಾರವಿಲ್ಲ. ಸಂವಾದಕ್ಕೆ ದಂಡಿಸುವ ಬಲವಿಲ್ಲ. ಆದರೂ ಸಣ್ಣ ರಾಷ್ಟ್ರವೂ ಸಮಾನ ಸ್ಥಾನದಲ್ಲಿ ಕುಳಿತು ಪ್ರಶ್ನಿಸಬಹುದಾದ ಸಭೆ ಅದು. ಐದನೆಯ, ಆರನೆಯ ಘೋಷಣೆಗೆ ಸಹಿ ಹಾಕುವ ಮೊದಲು ಹೊಸದಿಲ್ಲಿ ಅಲ್ಲಿ ಒಂದು ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಬೇಕು: ಈ ಮಾತನ್ನು ಕಂಪನಿಗಳು ಉಳಿಸಿಕೊಂಡಿವೆಯೇ ಎಂದು ನೋಡುವವರು ಯಾರು? ಆ ಜಾಗದಲ್ಲಿ ಹೆಸರೊಂದು ಬರೆಯಲ್ಪಡುವವರೆಗೆ ಯಾವ ಘೋಷಣೆಯನ್ನೂ ಪರಿಶೋಧಿತವೆಂದು ಒಪ್ಪಲಾಗದು.