ಟ್ರಂಕಿನಲ್ಲಿರುವ ಕಾಗದ

ಮಕ್ಕಳೇ, ಆಟದಲ್ಲಿ ಒಬ್ಬ ಮುಷ್ಟಿ ಬಿಗಿಹಿಡಿದು “ನನ್ನ ಕೈಯಲ್ಲಿ ಏನೂ ಇಲ್ಲ” ಎಂದರೆ ನೀವೇನು ಮಾಡುತ್ತೀರಿ? ಬೆರಳು ಬಿಡಿಸಿ ನೋಡುತ್ತೀರಿ. ಕೋರ್ಟಿನಲ್ಲಿ ಹಾಗೆ ಮಾಡುವಂತಿಲ್ಲ. ಮುಷ್ಟಿ ಬಿಡಿಸುವುದಕ್ಕೂ ಅಲ್ಲಿ ಒಂದು ಕ್ರಮವಿದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಪ್ಪ ತೀರಿಕೊಂಡ ಮೇಲೆ ತಂಗಿ ಮನೆಯಲ್ಲಿ ಪಾಲು ಕೇಳಿ ಅಣ್ಣನ ಮೇಲೆ ದಾವೆ ಹಾಕಿದ್ದಾಳೆ. ಅವಳು ವಾದಿ, ಅಣ್ಣ ಪ್ರತಿವಾದಿ. “ಈ ಮನೆ ನನ್ನ ದುಡ್ಡಿನಲ್ಲಿ ಕೊಂಡದ್ದು” ಎನ್ನುತ್ತಾನೆ ಅಣ್ಣ. ಕ್ರಯಪತ್ರ, ರಸೀದಿ ಎಲ್ಲವೂ ಅವನ ಟ್ರಂಕಿನಲ್ಲಿವೆ. ಇಂಥ ಟ್ರಂಕುಗಳನ್ನು ಅಜ್ಜ ಅಜ್ಜಿಯರು ಬೇಕಾದಷ್ಟು ಕಂಡಿರುತ್ತಾರೆ!

ದಾರಿ ಇರುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 11ರಲ್ಲಿ. ಅಣ್ಣ ತನ್ನ ಉತ್ತರದಲ್ಲಿ ಯಾವುದಾದರೂ ಕಾಗದದ ಹೆಸರು ಹೇಳಿದ್ದರೆ, ಅದನ್ನು ತೋರಿಸುವಂತೆ ತಂಗಿಯ ವಕೀಲರು ನೋಟಿಸು ಕೊಡಬಹುದು. 10 ದಿನದೊಳಗೆ ಅವನು ಎಲ್ಲಿ, ಯಾವಾಗ ತೋರಿಸುತ್ತೇನೆಂದು ತಿಳಿಸಬೇಕು. ತೋರಿಸದಿದ್ದರೆ, ತಕ್ಕ ಕಾರಣ ಹೇಳದ ಹೊರತು, ಮುಂದೆ ಆ ಕಾಗದವನ್ನು ಅವನೇ ಸಾಕ್ಷ್ಯವಾಗಿ ಬಳಸುವಂತಿಲ್ಲ.

ಹೆಸರೇ ಹೇಳದೆ ಬಚ್ಚಿಟ್ಟ ಕಾಗದಗಳ ಗತಿ? ತಂಗಿ ಕೋರ್ಟಿಗೆ ಅರ್ಜಿ ಹಾಕಬೇಕು. ಕೋರ್ಟಿಗೆ ಅಗತ್ಯವೆನಿಸಿದರೆ, ಪ್ರಮಾಣ ಮಾಡಿ ಪಟ್ಟಿ ಕೊಡುವಂತೆ ಅಣ್ಣನಿಗೆ ಆದೇಶಿಸುತ್ತದೆ. ನನಗೆ ಬಹಳ ಮೆಚ್ಚಿಗೆಯಾದದ್ದು ಈ ಪಟ್ಟಿಯ ನಮೂನೆ. ನನ್ನ ಬಳಿ ಇರುವುವು ಇವು. ಇದ್ದರೂ ತೋರಿಸಲು ಒಪ್ಪದವು ಇವು, ಕಾರಣ ಹೀಗೆ. ಹಿಂದೆ ಇದ್ದು ಈಗ ಇಲ್ಲದವು ಇವು. ಕೊನೆಯದಕ್ಕೆ “ಕಳೆದುಹೋಯಿತು” ಎಂದಷ್ಟೇ ಬರೆದರೆ ಸಾಲದು. ಕೊನೆಯ ಬಾರಿ ಯಾವಾಗ ಇತ್ತು, ಏನಾಯಿತು, ಈಗ ಯಾರ ಹತ್ತಿರವಿದೆ ಎಂದೂ ಬರೆಯಬೇಕು. ಕೋರ್ಟಿನ ಅನುಮತಿ ಪಡೆದು ಲಿಖಿತ ಪ್ರಶ್ನೆಗಳನ್ನೂ ಕೇಳಬಹುದು. ಆದರೆ ಏನಾದರೂ ಸಿಕ್ಕೀತೆಂದು ಮನೆಯೆಲ್ಲ ಜಾಲಾಡಲು ಬಿಡುವುದಿಲ್ಲ.

ಅಣ್ಣ ಇದಕ್ಕೂ ಸುಮ್ಮನಿದ್ದರೆ ನಿಯಮ 21 ಬರುತ್ತದೆ. ವಕೀಲರ ನೋಟಿಸಿಗೆ ಉತ್ತರ ಕೊಡಲಿಲ್ಲವೆಂದು ಈ ನಿಯಮ ಹಿಡಿಯಲಾಗದು. ಕೋರ್ಟಿನ ಆದೇಶವನ್ನೇ ಮೀರಿರಬೇಕು. ತಂಗಿ ಮತ್ತೆ ಅರ್ಜಿ ಹಾಕಬೇಕು, ಅಣ್ಣನ ಮಾತನ್ನೂ ಕೋರ್ಟು ಕೇಳಬೇಕು. ಆಮೇಲಷ್ಟೇ ಅವನ ಪ್ರತಿವಾದವನ್ನು ತೆಗೆದುಹಾಕಬಹುದು. ಉತ್ತರವನ್ನೇ ಕೊಡದವನ ಸ್ಥಿತಿ ಅವನದಾಗುತ್ತದೆ. ಆದೇಶ ಮೀರಿದವಳು ತಂಗಿಯಾದರೆ ಅವಳ ದಾವೆಯೇ ವಜಾ, ಅದೇ ಕಾರಣಕ್ಕೆ ಮತ್ತೆ ದಾವೆ ಹಾಕುವಂತೆಯೂ ಇಲ್ಲ.

ಇದು ದೊಡ್ಡ ಪೆಟ್ಟು. ಆದ್ದರಿಂದ ಕೋರ್ಟುಗಳು ಕೈ ಬಿಗಿಹಿಡಿಯುತ್ತವೆ. ಬಬ್ಬರ್ ಹೊಲಿಗೆ ಯಂತ್ರ ಕಂಪನಿಯ ಪ್ರಕರಣದಲ್ಲಿ, 1978ರಲ್ಲಿ, ಬೇಕೆಂದೇ ಆದೇಶ ಮೀರಿದವರಿಗೆ ಮಾತ್ರ ಈ ಶಿಕ್ಷೆ ಎಂದು ಸುಪ್ರೀಂ ಕೋರ್ಟು ಹೇಳಿತು. ನನಗೂ ಅದೇ ಸರಿ ಎನ್ನಿಸುತ್ತದೆ. ಮರೆವಿಗೂ ಮೊಂಡುತನಕ್ಕೂ ಒಂದೇ ಬೆತ್ತ ಬೇಡ.

ಇನ್ನು ಮನೆಗೆ ದುಡ್ಡು ಕೊಟ್ಟವರು ಅಪ್ಪನೋ ಅಣ್ಣನೋ? ಅದು ಬ್ಯಾಂಕಿನ ಲೆಡ್ಜರಿನಲ್ಲಿರಬಹುದು. ವರ್ಷಗಟ್ಟಲೆ ಲೆಡ್ಜರು ಬರೆದ ನಾನು ಇದನ್ನು ಹೇಳದೆ ಇರಲಾರೆ: ದಾವೆಯಲ್ಲಿ ಬ್ಯಾಂಕು ಕಕ್ಷಿಯಲ್ಲದಿದ್ದರೆ ಮೂಲ ಪುಸ್ತಕ ಹೊತ್ತು ತರುವಂತೆ ಸುಮ್ಮನೆ ಕರೆಯಲಾಗದು. 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯಿದೆಯ ಪ್ರಕಾರ ದೃಢೀಕೃತ ನಕಲೇ ಸಾಕ್ಷ್ಯವಾಗುತ್ತದೆ. ಬೇಕಾದ ಪುಟ ನೋಡಿ ನಕಲು ಮಾಡಿಕೊಳ್ಳಲು ಕೋರ್ಟು ಅಪ್ಪಣೆ ಕೊಡಬಹುದು. ಸಾಮಾನ್ಯವಾಗಿ ಆ ಅಪ್ಪಣೆ ಪೂರ್ತಿ 3 ದಿನ ಮೊದಲೇ ಬ್ಯಾಂಕಿಗೆ ತಲುಪಬೇಕು. ಆ 3 ದಿನಗಳಲ್ಲಿ ಬ್ಯಾಂಕ್ ರಜೆಯನ್ನು ಎಣಿಸಬಾರದೆಂದೂ ಕಾಯಿದೆಯಲ್ಲೇ ಬರೆದಿದ್ದಾರೆ!