ಹಳಿ ಮುಗಿದ ಕಡೆ

ಚಾಮರಾಜನಗರದಿಂದ ಮಧ್ಯಾಹ್ನ ಹೊರಟು ಮೈಸೂರು, ಮಂಡ್ಯ, ಮದ್ದೂರು, ಬೆಂಗಳೂರು ದಾಟಿ, ರಾತ್ರಿಯೆಲ್ಲ ಬಂಗಾರಪೇಟೆ, ಜೋಲಾರಪೇಟೆ, ಕಾಟ್ಪಾಡಿ ಸುತ್ತಿ ಬೆಳಗಿನ ಜಾವಕ್ಕೆ ತಿರುಪತಿ ಮುಟ್ಟುವ ರೈಲನ್ನು ನಮ್ಮ ಜನ ಇವತ್ತಿಗೂ 'ತಿರುಪತಿ ಪ್ಯಾಸೆಂಜರು' ಅಂತಲೇ ಕರೀತಾರೆ. ಆದರೆ ಅದೀಗ ಪ್ಯಾಸೆಂಜರಲ್ಲ. 2020ರಲ್ಲಿ, ಕೊರೊನಾ ಕಾಲದಲ್ಲಿ, 200 ಕಿ.ಮೀ.ಗಿಂತ ದೂರ ಓಡುವ ಪ್ಯಾಸೆಂಜರುಗಳನ್ನು ಎಕ್ಸ್‌ಪ್ರೆಸ್ ಮಾಡುವ ತೀರ್ಮಾನವಾಯಿತು. 56213 ಹೋಗಿ 16219 ಬಂತು. ಹಳಿ ಅದೇ, ದಾರಿ ಅದೇ, ಜನರಲ್ ಬೋಗಿಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ ಜನರೂ ಅವರೇ. ಪ್ಯಾಸೆಂಜರಿಗೆ ಕನಿಷ್ಠ ಟಿಕೆಟ್ 10 ರೂಪಾಯಿ, ಎಕ್ಸ್‌ಪ್ರೆಸ್ಸಿಗೆ 30. 2024ರಲ್ಲಿ ಹತ್ತಿರದ ಊರುಗಳ ಪ್ಯಾಸೆಂಜರುಗಳ ದರ ಮತ್ತೆ ಹತ್ತಕ್ಕೆ ಇಳಿಯಿತು. ಎಕ್ಸ್‌ಪ್ರೆಸ್ ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಬಡವರ ರೈಲಿಗೆ ಆ ಭಾಗ್ಯ ಬರಲಿಲ್ಲ.

ಇಪ್ಪತ್ತು ರೂಪಾಯಿಗೆ ಇಷ್ಟೊಂದು ಮಾತೇ ಅನ್ನುವವರು ಹಾಸ್ಟೆಲಿನಲ್ಲಿ ತಿಂಗಳ ಕೊನೆ ಕಂಡವರಲ್ಲ, ಬಿಡಿ.

ನಾವು ರೈಲಿನ ಮಾತು ಎತ್ತುವುದಕ್ಕೆ ಬೇರೆ ಕಾರಣವೂ ಇದೆ. 1901ರಲ್ಲಿ ಬಾಲಕ ಭೀಮರಾವ್ ಮನೆಯ ಹುಡುಗರ ಜೊತೆ ದೂರದೂರಲ್ಲಿದ್ದ ಅಪ್ಪನನ್ನು ನೋಡಲು ಹೊರಟರು. ಮಸೂರ್ ಸ್ಟೇಷನ್ ತನಕ ರೈಲು ಕರೆತಂತು. ಇಳಿದ ಮೇಲೆ ಸ್ಟೇಷನ್ ಮಾಸ್ತರ ಯಾರು ನೀವು ಅಂದ. ಮಹಾರರು ಅಂತ ತಿಳಿದದ್ದೇ ತಡ, ಅವನ ಮುಖ ಬದಲಾಯ್ತು. ಗಾಡಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ತೆತ್ತು ಹುಡುಗರೇ ಗಾಡಿ ಹೊಡೆದುಕೊಂಡು ಹೋಗಬೇಕಾಯಿತು. ಹಳಿ ಮುಗಿದ ಕಡೆ ಜಾತಿ ಕಾದು ನಿಂತಿತ್ತು.

ರೈಲಿನಲ್ಲಿ ಜಾತಿ ಸತ್ತಿದೆ ಅಂತ ನಾವು ಹೇಳುತ್ತಿಲ್ಲ. ಹಳಿಯ ಮೇಲಿನ ಮಲ ಬಾಚಿದವರು ಯಾವ ಕೇರಿಯವರು ಅಂತ ನಮಗೆ ಗೊತ್ತು. ಆದರೆ ಮೂವರ ಸೀಟಿನಲ್ಲಿ ಐವರು ತೊಡೆಗೆ ತೊಡೆ ತಾಗಿಸಿ ಕೂತಿರುವಾಗ, 'ನೀವು ಯಾವ ಜನ?' ಅಂತ ಕೇಳಿ ಎದ್ದವನಿಗೆ ಮತ್ತೆ ಜಾಗ ಸಿಗಲ್ಲ. ಅಷ್ಟು ಸಮಾನತೆಯಾದರೂ ಜನರಲ್ ಬೋಗಿಯಲ್ಲಿ ಐತೆ.

ಆ ಬೋಗಿ ಮಳವಳ್ಳಿಗೆ ಬರಲೇ ಇಲ್ಲ. 1902ರಲ್ಲಿ ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟು ಕೊಟ್ಟರು. ಗಣಿಯ ಆಳಕ್ಕೆ ಇಳಿದವರಲ್ಲಿ ಬಹುಪಾಲು ನಮ್ಮವರೇ, ಚಿನ್ನ ಮಾತ್ರ ದೊರೆಗಳದು. ಬ್ರಿಟಿಷರ ಚಿನ್ನಕ್ಕೆ ಅಷ್ಟು ದೂರ ತಂತಿ ಹೋಯ್ತು. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ 142 ಕಿ.ಮೀ. ಹಳಿ ಹಾಕುತ್ತೇವೆಂದು 1996-97ರಲ್ಲಿ ಮಂಜೂರಾದ ಮಾರ್ಗ ಮಾತ್ರ ಕಾಗದದ ಮೇಲೇ ಓಡ್ತಾ ಐತೆ. ಮಂಜೂರಾದ ವರ್ಷ ಹುಟ್ಟಿದ ಮಕ್ಕಳು ಓದು ಮುಗಿಸಿ ಕೆಲಸ ಹುಡುಕುತ್ತಾ ಬೆಂಗಳೂರು ಸೇರಿಯಾಗಿದೆ, ಮದ್ದೂರಿನ ತನಕ ಬಸ್ಸಿನಲ್ಲಿ ಹೋಗಿ.

ಗೆಳೆಯರೇ, ಸ್ಕಾಲರ್‌ಶಿಪ್ಪಿಗೆ, ನೀರುಸಾರಿಗೆ ಅರ್ಜಿ ಬರೆಯುತ್ತಲೇ ಇದ್ದೇವೆ. ಈ ಸಲ ಕೆಳಗೆ ಇಷ್ಟು ಸೇರಿಸೋಣ: ತಿರುಪತಿ ರೈಲಿಗೆ ಪ್ಯಾಸೆಂಜರ್ ದರ ವಾಪಸ್ಸು ಕೊಡಿ. ಜನರಲ್ ಬೋಗಿ ಹೆಚ್ಚಿಸಿ. ಮಳವಳ್ಳಿಗೆ ಹಳಿ ಯಾವ ವರ್ಷ, ಯಾವ ತಿಂಗಳು ಅಂತ ಬರೆದು ಸಹಿ ಹಾಕಿ ಕೊಡಿ.