ಪಾಲುಪಟ್ಟಿ ಹರಿದರೆ ಹೊಲ ಹೋಗುವುದಿಲ್ಲ

ಮಕ್ಕಳೇ, ಲ್ಯಾಪ್‌ಟಾಪ್ ಶುರುವಾಗದೆ ಕಪ್ಪು ಪರದೆ ತೋರಿಸಿಕೊಂಡು ಕೂತರೆ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುವ ಮಾತೊಂದಿದೆ: “ಫಾರ್ಮ್ಯಾಟ್ ಮಾಡಿಸಿಬಿಡು, ಸರಿಹೋಗುತ್ತೆ.” ಸರಿಹೋಗುವುದು ನಿಜವೇ. ಬೀಗದ ಕೈ ಸಿಗಲಿಲ್ಲವೆಂದು ಮನೆಯನ್ನೇ ಕೆಡವಿ ಹೊಸದಾಗಿ ಕಟ್ಟಿಸಿದರೂ ಒಳಗೆ ಹೋಗಬಹುದಲ್ಲ, ಹಾಗೆ. ಒಳಗಿದ್ದ ಪಾತ್ರೆ ಪಡಗ ಏನಾಯಿತು ಎಂದು ಮಾತ್ರ ಕೇಳಬಾರದು.

ಈ ವಾರ ನಾನು ಹೇಳಹೊರಟಿರುವುದು ಒಂದು ಬಗೆಯ ತೊಂದರೆಯ ಬಗ್ಗೆ ಮಾತ್ರ. ನಿನ್ನೆಯವರೆಗೆ ಚೆನ್ನಾಗಿದ್ದ ಲ್ಯಾಪ್‌ಟಾಪಿನಲ್ಲಿ ಯಾರೋ ಡಿಸ್ಕಿನ ಪಾರ್ಟಿಷನ್ ಹೆಚ್ಚುಕಮ್ಮಿ ಮಾಡಿದ್ದಾರೆ. ಇವತ್ತು ಅದು ಏಳುತ್ತಿಲ್ಲ. ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಕಂಪನಿಯ ಗುರುತು ಮೂಡುತ್ತದೆ. ಅಲ್ಲಿಗೆ ನಿಂತುಹೋಗುತ್ತದೆ. ಹೀಗಾದಾಗ ಯಂತ್ರ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ದೀಪ, ಫ್ಯಾನು, ಗುರುತು ಮೂರೂ ಬಂದವೆಂದರೆ ಯಂತ್ರದ ಜೀವ ಗಟ್ಟಿಯಾಗಿದೆ ಎಂದೇ ಅರ್ಥ.

ಪಾರ್ಟಿಷನ್ ಎಂಬ ಪದ ನಮ್ಮ ಹಿರಿಯರಿಗೆ ಹೊಸದಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಆಗುವುದೇ ಪಾರ್ಟಿಷನ್. ಒಂದೇ ಹೊಲ, ಪಾಲುಪಟ್ಟಿಯಲ್ಲಿ ಇಷ್ಟು ದೊಡ್ಡವನಿಗೆ, ಇಷ್ಟು ಚಿಕ್ಕವನಿಗೆ, ಬಾವಿ ಇಬ್ಬರಿಗೂ ಎಂದು ಬರೆದುಕೊಳ್ಳುತ್ತಾರೆ. ಡಿಸ್ಕಿನಲ್ಲೂ ಆಗುವುದು ಇದೇ. ಡಿಸ್ಕು ಒಂದೇ, ಅದರ ಮೊದಲ ಭಾಗದಲ್ಲಿ ಒಂದು ಪುಟ್ಟ ಪಾಲುಪಟ್ಟಿ. ಎಲ್ಲಿಂದ ಎಲ್ಲಿಯವರೆಗೆ ಯಾವ ಪಾಲು ಎಂದು ಅದರಲ್ಲಿ ದಾಖಲಾಗಿರುತ್ತದೆ. ಹಳೆಯ ಪದ್ಧತಿಯಲ್ಲಿ, ಎಂದರೆ 1983ರಿಂದ ಬಳಕೆಗೆ ಬಂದ ಎಂಬಿಆರ್ ಪದ್ಧತಿಯಲ್ಲಿ, ಈ ಪಟ್ಟಿಯ ಗಾತ್ರ ಬರೀ 64 ಬೈಟ್. ನಾಲ್ಕು ಪಾಲು, ಪಾಲಿಗೆ 16 ಬೈಟ್. ಈ ಸಾಲಿನಲ್ಲಿರುವಷ್ಟು ಅಕ್ಷರವೂ ಹಿಡಿಸದ ಜಾಗದ ಮೇಲೆ ಇಡೀ ಡಿಸ್ಕಿನ ಲೆಕ್ಕ ನಿಂತಿದೆ! ಈಗಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಜಿಪಿಟಿ ಪದ್ಧತಿ. ಅದರಲ್ಲಿ ಪಟ್ಟಿ ದೊಡ್ಡದು, ಜೊತೆಗೆ ಡಿಸ್ಕಿನ ಕೊನೆಯಲ್ಲಿ ಅದರದೇ ಒಂದು ನಕಲೂ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದು ಆಸರೆ. ಆದರೆ ನಾವೇ ಕೈಯಾರೆ ಒಂದು ಪಾಲನ್ನು ಅಳಿಸಿದರೆ ಎರಡು ಕಡೆಯೂ ಅಳಿಯುತ್ತದೆ.

ಗಮನಿಸಿ, ಅಳಿಯುವುದು ಪಟ್ಟಿಯಲ್ಲಿನ ಬರಹ. ಪಾಲುಪಟ್ಟಿ ಹರಿದ ಮಾತ್ರಕ್ಕೆ ಹೊಲದ ರಾಗಿ ಸುಟ್ಟುಹೋಗುವುದಿಲ್ಲ. ಬೇರೆ ಯಾರೋ ಬಂದು ಉತ್ತು ಬಿತ್ತಿದರೆ ಮಾತ್ರ ಹೋಗುತ್ತದೆ.

ನಾನು ಬ್ಯಾಂಕಿಗೆ ಸೇರಿದಾಗ ಲೆಡ್ಜರುಗಳೆಲ್ಲ ಕೈಬರಹದವು. ಬ್ಯಾಲೆನ್ಸಿಂಗ್ ದಿನ ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಮನೆಗೆ ಹೋಗುವಂತಿಲ್ಲ. ಆಗ ನಮ್ಮ ಹೆಡ್ ಕ್ಲರ್ಕು ಕಲಿಸಿದ ಕ್ರಮ ಇದು: ಮೊದಲು ಪೆನ್ಸಿಲ್. ಒಂದೊಂದೇ ಖಾತೆ ನೋಡುತ್ತಾ ಟಿಕ್ ಹಾಕುತ್ತಾ ಹೋಗಬೇಕು. ತಪ್ಪು ಎಲ್ಲಿದೆ ಎಂದು ಗೊತ್ತಾಗುವವರೆಗೆ ಇಂಕಿನ ಪೆನ್ನಿಗೆ ಕೈ ಹಾಕಬಾರದು. ಪೆನ್ಸಿಲ್ ಎಂದರೆ ಬರೀ ಓದುವುದು. ಇಂಕು ಎಂದರೆ ಬರೆಯುವುದು. ಏಳದ ಲ್ಯಾಪ್‌ಟಾಪಿಗೂ ನನ್ನ ಕ್ರಮ ಇದೇ. ಡಿಸ್ಕನ್ನು ಬರೀ ಓದುವ ಕೆಲಸಗಳನ್ನೆಲ್ಲ ಮೊದಲು ಮಾಡಿ. ಡಿಸ್ಕಿನ ಮೇಲೆ ಬರೆಯುವ ಕೆಲಸ ಕೊನೆಗಿರಲಿ.

ಇದರ ಬೆಲೆ ಗೊತ್ತಾಗುವಂಥ ಒಂದು ಸಂಗತಿ ಹೇಳುತ್ತೇನೆ. ನಮ್ಮ ಪಕ್ಕದ ಬೀದಿಯ ಹುಡುಗಿ ಡಿಪ್ಲೊಮಾ ಓದುತ್ತಿದ್ದಾಳೆ. ಅಪ್ಪನ ಹಳೆಯ ಲ್ಯಾಪ್‌ಟಾಪು ಅವಳ ಪಾಲಿಗೆ ಬಂದಿತ್ತು. ತಿರುಗುವ ಹಾರ್ಡ್‌ಡಿಸ್ಕಿನದು. ಕಾಲೇಜಿನ ಲ್ಯಾಬಿಗೆಂದು ಅದರಲ್ಲಿ ವಿಂಡೋಸ್ ಜೊತೆಗೆ ಉಬುಂಟು ಲಿನಕ್ಸನ್ನೂ ಹಾಕಿಸಿಕೊಂಡಿದ್ದಳು. ಸೆಮಿಸ್ಟರ್ ಮುಗಿಯಿತು, ಸಿ ಡ್ರೈವ್ ಭರ್ತಿಯಾಗಿ ಕೆಂಪು ತೋರಿಸುತ್ತಿತ್ತು. ಲಿನಕ್ಸ್ ಇನ್ನೇಕೆ ಎಂದುಕೊಂಡು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಆ 80 ಜಿಬಿಯ ಪಾಲನ್ನು ಅಳಿಸಿದಳು. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ, ಅದರಲ್ಲಿ ‘ಗ್ರಬ್’ ಎಂಬ ನಾಲ್ಕಕ್ಷರದ ಇಂಗ್ಲಿಷ್ ಪದ, ಪಕ್ಕದಲ್ಲಿ ಮಿನುಗುವ ಗೆರೆ.

ರಿಪೇರಿ ಅಂಗಡಿಯವರು ನೋಡಿ, “ಫಾರ್ಮ್ಯಾಟ್ ಮಾಡಬೇಕು, ಸಂಜೆ ಬನ್ನಿ” ಎಂದರಂತೆ. ಅವಳಪ್ಪ ಒಪ್ಪಿಯೂ ಆಗಿತ್ತು. ಆದರೆ ಅವಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನೇರ ನಮ್ಮ ಮನೆಗೆ ಬಂದಳು.

“ತಾತ, ಇದರಲ್ಲಿ ನಮ್ಮಜ್ಜಿ ಹಾಡಿದ ಸೋಬಾನೆ ಪದ ಇದಾವೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಇದಕ್ಕೆ ಹಾಕಿಟ್ಟಿದ್ದೆ. ಆ ಫೋನ್ ಈಗಿಲ್ಲ.”

ಅಜ್ಜಿ ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು. ಮದುವೆ ಮನೆಗಳಲ್ಲಿ ಆಕೆ ಹಾಡುವುದನ್ನು ನಾನೂ ಕೇಳಿದ್ದೆ.

“ಅಳಿಸಿದ ಮೇಲೆ ಹೊಸದಾಗಿ ಏನಾದರೂ ಹಾಕಿದೆಯಾ ಅಮ್ಮ? ಆ ಜಾಗ ಸಿ ಡ್ರೈವಿಗೆ ಸೇರಿಸಿದೆಯಾ?”

“ಇಲ್ಲ ತಾತ. ರೀಸ್ಟಾರ್ಟ್ ಮಾಡಿ ಆಮೇಲೆ ಸೇರಿಸೋಣ ಅಂತಿದ್ದೆ.”

ನನಗೆ ಅರ್ಧ ನೆಮ್ಮದಿಯಾಯಿತು. ಹೊಲ ಬೀಳು ಬಿದ್ದಿದೆ, ಯಾರೂ ಉತ್ತಿಲ್ಲ.

ಗ್ರಬ್ ಎಂದರೆ ಲಿನಕ್ಸಿನ ಬಾಗಿಲು ಕಾಯುವ ಪುಟ್ಟ ತಂತ್ರಾಂಶ. ಎರಡು ವ್ಯವಸ್ಥೆಗಳಿರುವ ಯಂತ್ರದಲ್ಲಿ ಯಾವುದರೊಳಗೆ ಹೋಗುತ್ತೀರಿ ಎಂದು ಮೊದಲು ಕೇಳುವುದು ಅದೇ. ಅದು ಅರ್ಧ ಬಾಗಿಲಲ್ಲಿ, ಅರ್ಧ ಲಿನಕ್ಸಿನ ಪಾಲಿನೊಳಗೆ ಇರುತ್ತದೆ. ಪಾಲು ಅಳಿಸಿದಾಗ ಬಾಗಿಲ ಕಾವಲುಗಾರ ಉಳಿದ, ಅವನ ಕೈಯಲ್ಲಿದ್ದ ಪಟ್ಟಿ ಹೋಯಿತು. ವಿಂಡೋಸ್ ಒಳಗೆ ಸುಖವಾಗಿಯೇ ಇತ್ತು. ದಾರಿ ತೋರಿಸುವವರಿಲ್ಲ ಅಷ್ಟೆ.

ಮೊದಲ ಪೆನ್ಸಿಲ್ ಕೆಲಸ: ಸಿಕ್ಕಿಸಿದ್ದ ಪೆನ್‌ಡ್ರೈವ್ ತೆಗೆದೆವು. ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿ ಒತ್ತಿದೆವು. ಡೆಲ್, ಲೆನೊವೊಗಳಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್. ಪಟ್ಟಿಯೊಂದು ಬಂತು. ಅದರಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬುದನ್ನು ಆರಿಸಿದ್ದೇ ತಡ, ವಿಂಡೋಸ್ ಎದ್ದು ಕೂತಿತು. ಅವಳಪ್ಪ, “ಇಷ್ಟೇನಾ ಸಾರ್?” ಎಂದರು. ಈ ಬಗೆಯ ತೊಂದರೆಗೆ ಎಷ್ಟೋ ಸಲ ಇಷ್ಟೇ. ಇನ್ನು ಮುಂದೆ ಸದಾ ಹಾಗೆಯೇ ಏಳಬೇಕೆಂದರೆ ಯಂತ್ರದ ಸೆಟಪ್‌ಗೆ ಹೋಗಿ ಬೂಟ್ ಸರದಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೊದಲಿಗೆ ತರಬೇಕು.

ಹಾಡು ಮಾತ್ರ ಅಲ್ಲಿರಲಿಲ್ಲ. ಲಿನಕ್ಸಿನಲ್ಲಿ ಕೂತು ಅವುಗಳ ಗದ್ದಲ ತೆಗೆದು ಚೊಕ್ಕ ಮಾಡಿದ್ದಳಂತೆ. ಎಲ್ಲ ಆ ಅಳಿಸಿದ ಪಾಲಿನಲ್ಲೇ ಇದ್ದವು. ಹುಡುಗಿಯ ಮುಖ ಇಳಿಯಿತು.

ಇಲ್ಲಿ ನೆರವಿಗೆ ಬಂದದ್ದು ‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ತಂತ್ರಾಂಶ. ಕ್ರಿಸ್ಟೋಫ್ ಗ್ರೆನಿಯೆ ಎಂಬುವರು ಬರೆದದ್ದು. ಚಿತ್ರ ಬಣ್ಣ ಏನೂ ಇಲ್ಲ, ಕಪ್ಪು ಪರದೆಯ ಮೇಲೆ ಅಕ್ಷರಗಳು ಮಾತ್ರ. ಸರ್ವೆಯವರು ಹಳೆಯ ಗಡಿಕಲ್ಲು ಹುಡುಕುತ್ತಾ ಹೊಲ ಸುತ್ತುವ ಹಾಗೆ ಇದು ಡಿಸ್ಕನ್ನೆಲ್ಲ ಓದಿಕೊಂಡು ಹೋಗಿ, ‘ಇಲ್ಲಿಂದ ಇಲ್ಲಿಯವರೆಗೆ ಹಿಂದೆ ಒಂದು ಪಾಲು ಇತ್ತು’ ಎಂದು ಕಂಡುಹಿಡಿಯುತ್ತದೆ. ನನ್ನ ಕಂಪ್ಯೂಟರಿನಲ್ಲಿ ಅದನ್ನು ಇಳಿಸಿಕೊಂಡು ಒಂದು ಪೆನ್‌ಡ್ರೈವಿಗೆ ಹಾಕಿ, ಅಲ್ಲಿಂದಲೇ ನಡೆಸಿದೆವು. ಡಿಸ್ಕ್ ಆರಿಸಿ, ‘ಅನಲೈಸ್’ ಕೊಟ್ಟು, ‘ಕ್ವಿಕ್ ಸರ್ಚ್’ ಒತ್ತಿ ಕಾದೆವು. ಲಿನಕ್ಸ್ ಎಂಬ ಸಾಲು ಕಾಣಿಸಿತು. ಅದರ ಮೇಲೆ ನಿಂತು ‘ಪಿ’ ಒತ್ತಿದರೆ ಒಳಗಿನ ಫೈಲುಗಳ ಪಟ್ಟಿ ಬರುತ್ತದೆ. ಬಂತು. ಅವಳ ಹೆಸರಿನ ಫೋಲ್ಡರ್, ಅದರೊಳಗೆ ‘ಅಜ್ಜಿ’ ಎಂಬ ಫೋಲ್ಡರ್, ಅದರೊಳಗೆ 27 ಹಾಡು. ‘ಸಿ’ ಅಕ್ಷರ ಒತ್ತಿ ಅಷ್ಟನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆವು. ಒಂದನ್ನು ಹಾಕಿ ಕೇಳಿದೆವು. ನಡುವೆ ಅಜ್ಜಿ ಕೆಮ್ಮಿ, “ತಡಿಯೇ, ನೀರು ಕುಡೀತೀನಿ” ಎಂದದ್ದೂ ಹಾಗೆಯೇ ಇತ್ತು. ಅದನ್ನು ಅವಳು ಬೇಕೆಂದೇ ತೆಗೆದಿರಲಿಲ್ಲವಂತೆ.

ಇಷ್ಟರವರೆಗೆ ನಾವು ಅವಳ ಡಿಸ್ಕಿನ ಮೇಲೆ ನಮ್ಮ ಕೈಯಿಂದ ಏನನ್ನೂ ಬರೆದಿರಲಿಲ್ಲ ಎಂಬುದನ್ನು ಗಮನಿಸಿ. ಟೆಸ್ಟ್‌ಡಿಸ್ಕಿನಲ್ಲಿ ‘ರೈಟ್’ ಎಂಬ ಆಯ್ಕೆಯೂ ಇದೆ. ಅದನ್ನು ಒತ್ತಿದರೆ ಕಂಡುಹಿಡಿದ ಪಾಲನ್ನು ಪಾಲುಪಟ್ಟಿಗೆ ಮತ್ತೆ ಸೇರಿಸುತ್ತದೆ. ಅದು ಇಂಕಿನ ಕೆಲಸ. ಫೈಲು ಕೈಗೆ ಸಿಕ್ಕಿತಲ್ಲ, ನಮಗೆ ಅದರ ಅಗತ್ಯವೇ ಬರಲಿಲ್ಲ.

ಎಲ್ಲರ ಮನೆಯಲ್ಲೂ ಗ್ರಬ್ ಕಾಣಿಸುವುದಿಲ್ಲ. ‘ನೋ ಬೂಟಬಲ್ ಡಿವೈಸ್’ ಅಥವಾ ‘ಆಪರೇಟಿಂಗ್ ಸಿಸ್ಟಂ ನಾಟ್ ಫೌಂಡ್’ ಎಂದು ಬಂದರೆ ಬಾಗಿಲೇ ಸಿಗಲಿಲ್ಲ ಎಂದರ್ಥ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಸಿ ಡ್ರೈವಿನ ಪಕ್ಕ 100 ಎಂಬಿಯಷ್ಟು ಗಾತ್ರದ, ಹೆಸರಿಲ್ಲದ ಒಂದು ಪಾಲಿರುತ್ತದೆ. ಅದೇ ಇಎಫ್‌ಐ ಪಾಲು, ಯಂತ್ರ ಏಳುವ ಬಾಗಿಲು. ಚಿಕ್ಕದು, ವ್ಯರ್ಥ ಎಂದುಕೊಂಡು ಬೇರೆ ತಂತ್ರಾಂಶಗಳಿಂದ ಅದನ್ನು ಅಳಿಸುವವರಿದ್ದಾರೆ. ನೀಲಿ ಪರದೆಯಲ್ಲಿ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬಂದರೆ ಬಾಗಿಲು ಸಿಕ್ಕಿತು, ಒಳಗಿನ ಕೋಣೆಗೆ ದಾರಿ ತಪ್ಪಿತು ಎಂದು ತಿಳಿಯಬಹುದು.

ಆಗಲೂ ಮೊದಲು ಪೆನ್ಸಿಲ್. ಬೇರೆ ಕಂಪ್ಯೂಟರಿನಲ್ಲಿ ಉಬುಂಟುವಿನ ಪೆನ್‌ಡ್ರೈವ್ ಮಾಡಿಕೊಂಡು, ಏಳದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಬೂಟ್ ಮೆನುವಿನಿಂದ ಅದನ್ನು ಆರಿಸಿ. ‘ಇನ್‌ಸ್ಟಾಲ್’ ಬೇಡ, ‘ಟ್ರೈ’ ಒತ್ತಿ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಏಳುತ್ತದೆ. ಸಿ ಡ್ರೈವ್ ತೆರೆದು ಫೋಟೊ, ಪ್ರಾಜೆಕ್ಟು, ಪತ್ರಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಇದಾದ ಮೇಲೆ ಇಂಕು. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿಯ ಖಾಲಿ ಪೆನ್‌ಡ್ರೈವಿನಲ್ಲಿ ವಿಂಡೋಸ್ ತುಂಬಿಸಿ, ಅದರಿಂದ ಯಂತ್ರ ಏಳಿಸಿ. ಅಲ್ಲಿಯೂ ‘ಇನ್‌ಸ್ಟಾಲ್’ ಒತ್ತದೆ ‘ರಿಪೇರ್ ಯುವರ್ ಕಂಪ್ಯೂಟರ್’ ಹುಡುಕಿ ‘ಸ್ಟಾರ್ಟಪ್ ರಿಪೇರ್’ ಕೊಡಿ. ಅದರಿಂದಲೂ ಆಗದಿದ್ದರೆ ‘ಬಿಸಿಡಿಬೂಟ್’ ಎಂಬ ಆಜ್ಞೆಯಿಂದ ಬಾಗಿಲಿನ ಫೈಲುಗಳನ್ನು ಹೊಸದಾಗಿ ಬರೆಸಬಹುದು. ಆದರೆ ರಿಪೇರಿ ಪರದೆಯಲ್ಲಿ ಡ್ರೈವುಗಳ ಅಕ್ಷರ ಅದಲುಬದಲಾಗಿರಬಹುದು, ಸಿ ಎಂದು ಕಂಡದ್ದು ನಿಮ್ಮ ಸಿ ಆಗಿರಬೇಕೆಂದಿಲ್ಲ. ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸಕ್ಕೆ ಕೈ ಹಾಕಿ.

ಮೂರು ಎಚ್ಚರಿಕೆ. ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದಾಗಲಿ, ‘ಇನಿಷಿಯಲೈಸ್’ ಮಾಡಬೇಕು ಎಂದಾಗಲಿ ಇಂಗ್ಲಿಷಿನಲ್ಲಿ ಕೇಳಿದರೆ ‘ಕ್ಯಾನ್ಸಲ್’ ಒತ್ತಿ. ಅದು ಸಲಹೆ ಕೊಡುತ್ತಿಲ್ಲ. ಒಳಗೆ ಏನಿದೆ ಎಂದು ಅದಕ್ಕೆ ಓದಲು ಬಂದಿಲ್ಲ ಅಷ್ಟೆ. ಎರಡನೆಯದು, ಹೊಸ ಲ್ಯಾಪ್‌ಟಾಪುಗಳಲ್ಲಿರುವುದು ಎಸ್‌ಎಸ್‌ಡಿ. ಅದನ್ನು ಫಾರ್ಮ್ಯಾಟ್ ಮಾಡಿದರೆ ಖಾಲಿ ಎಂದಾದ ಜಾಗವನ್ನು ಅದು ತಾನಾಗಿಯೇ ಒರೆಸಿಬಿಡುವುದರಿಂದ ಫೈಲು ಮರಳಿ ಸಿಗುವ ಆಸೆ ಬಹಳ ಕಡಿಮೆ. ಹಳೆಯ ಹಾರ್ಡ್‌ಡಿಸ್ಕಿನ ಧೈರ್ಯ ಇಲ್ಲಿ ಬೇಡ. ಮೂರನೆಯದು, ಹಾರ್ಡ್‌ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅದು ಪಾಲುಪಟ್ಟಿಯ ತೊಂದರೆಯಲ್ಲ, ಡಿಸ್ಕೇ ಸೋಲುತ್ತಿದೆ. ಆಫ್ ಮಾಡಿ, ಡೇಟಾ ತೆಗೆದುಕೊಡುವವರ ಹತ್ತಿರವೇ ಹೋಗಿ.

ಇನ್ನು ಹಿರಿಯರು ಮತ್ತು ಮಕ್ಕಳು ಸೇರಿ ಮಾಡಬೇಕಾದ ಈ ಭಾನುವಾರದ ಕೆಲಸ. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಅಥವಾ ‘ಬಿಟ್‌ಲಾಕರ್’ ಆನ್ ಇದೆಯೇ ನೋಡಿ. ಇದ್ದರೆ ಡಿಸ್ಕಿಗೆ ಬೀಗ ಬಿದ್ದಿದೆ ಎಂದರ್ಥ. ಪಾರ್ಟಿಷನ್ ಅಥವಾ ಬೂಟ್ ಬದಲಾದಾಗ ಅದು 48 ಅಂಕಿಯ ಕೀಲಿ ಕೇಳಬಹುದು. ಕೀಲಿ ಇಲ್ಲದಿದ್ದರೆ ಮೇಲೆ ಹೇಳಿದ ಯಾವ ಉಪಾಯವೂ ನಡೆಯದು. ಲ್ಯಾಪ್‌ಟಾಪಿಗೆ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀಲಿ ಸಾಮಾನ್ಯವಾಗಿ ಉಳಿದಿರುತ್ತದೆ. ಅದನ್ನು ಹುಡುಕಿ ಕಾಗದದ ಮೇಲೆ ಬರೆದು, ಅಮ್ಮ ಪಾಸ್‌ಬುಕ್ ಇಡುವ ಕಡೆ ಇಡಿ. ಆಮೇಲೆ ‘ಇದು ಹೋದರೆ ಮತ್ತೆ ಸಿಗದು’ ಎನ್ನುವಂಥ ಫೈಲುಗಳು ನಿಮ್ಮ ಮನೆಯಲ್ಲಿ ಯಾವುವು ಎಂದು ಎಲ್ಲರೂ ಕೂತು ಪಟ್ಟಿ ಮಾಡಿ. ಸಿನಿಮಾ ಬೇಡ, ಅವು ಎಲ್ಲಾದರೂ ಸಿಗುತ್ತವೆ. ಅಜ್ಜನ ದನಿ, ತಂಗಿಯ ನಾಮಕರಣದ ಫೋಟೊ, ಅಕ್ಕನ ಪ್ರಾಜೆಕ್ಟು, ಇಂಥವು. ಅವುಗಳ ಒಂದು ನಕಲನ್ನು ಬೇರೆ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಲ್ಯಾಪ್‌ಟಾಪಿನ ಚೀಲದಲ್ಲಲ್ಲ, ಬೀರುವಿನಲ್ಲಿಡಿ. ಇವೆರಡೂ ಆದ ಮೇಲೆ ಪಾಲು ಹಿಗ್ಗಿಸುವ, ಕುಗ್ಗಿಸುವ, ಅಳಿಸುವ ಕೆಲಸಗಳನ್ನು ಚಾರ್ಜರ್ ಸಿಕ್ಕಿಸಿಕೊಂಡು ನಿಧಾನವಾಗಿ ಮಾಡಬಹುದು.

ಪಕ್ಕದ ಬೀದಿಯ ಹುಡುಗಿ ಆ 27 ಹಾಡುಗಳನ್ನು ಮೂರು ಕಡೆ ಇಟ್ಟಿದ್ದಾಳೆ. ಒಂದು ನಕಲು ನಮ್ಮ ಮನೆಯ ಬೀರುವಿನಲ್ಲೂ ಇದೆ.